ಗದ್ದೆಯಲ್ಲಿ ಬಿದ್ದರೆಂದು ಬರೆಸಿದೆ

ನಾನು ಜಯಲಕ್ಷ್ಮಮ್ಮ, ಪಾಂಡವಪುರ ತಾಲ್ಲೂಕಿನವಳು. ಕಬ್ಬಿಗೆ ಸಕ್ಕರೆ ಕಾರ್ಖಾನೆಯಿಂದ ಕಟಾವಿನ ಆರ್ಡರು ಸಿಗುವುದು ಎಷ್ಟು ಕಷ್ಟ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಈ ಸಲ ನಮ್ಮ ಸರದಿ ಬರುವಷ್ಟರಲ್ಲಿ ಕಬ್ಬು ಬಲಿತು, ಸೂಲಂಗಿ ಹೂ ಬಿಟ್ಟು ಒಣಗುತ್ತಿತ್ತು.

ಅಂತೂ ನಮ್ಮ ಕಬ್ಬು ತುಂಬಿಕೊಂಡು ಲಾರಿ ಹೊರಟಿತು. ಮುಂದೆ ನನ್ನ ಗಂಡ ತಿಮ್ಮರಾಜು ಟಿವಿಎಸ್‌ನಲ್ಲಿ ಹೋಗುತ್ತಿದ್ದರು. ಟಾರು ರಸ್ತೆ ಹತ್ತಿದ್ದೇ ತಡ, ಲಾರಿ ಹಿಂದಿನಿಂದ ಗುದ್ದಿತು. ಬಲಗಾಲು ಮುರಿದು, ಅವರಿಗೆ ಪ್ರಜ್ಞೆ ತಪ್ಪಿತು.

ಗದ್ದೆಯಿಂದ ಓಡಿಬಂದ ನನಗೆ ಲಾರಿ ಡ್ರೈವರ್ ನಾಗರಾಜು ಕೈಮುಗಿದ. "ಅಕ್ಕೋ, ಕೇಸಾದ್ರೆ ಲಾರಿ ಸ್ಟೇಷನ್ನಲ್ಲೇ ನಿಂತ್ಬುಡ್ತದೆ. ನಿಮ್ ಕಬ್ಬು ಅಲ್ಲೇ ಒಣಗೋಯ್ತದೆ. ಗದ್ದೇಲಿ ಜಾರಿ ಬಿದ್ರು ಅಂದ್ಬುಡಿ."

ಆಸ್ಪತ್ರೆಯಲ್ಲಿ ಕೇಳಿದಾಗ ಹಾಗೇ ಬರೆಸಿದೆ. ಲಾರಿ ಕಾರ್ಖಾನೆ ಸೇರಿತು. ಗಂಡನ ಕಾಲಿಗಿಂತ ನನಗೆ ಕಬ್ಬು ಹೆಚ್ಚಾಯಿತು. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

"ಪೊಲೀಸ್ರು ಯಾಕ್ ಬರ್ನಿಲ್ಲ?" ಎಂದು ಅವರು ಕೇಳಿದಾಗಲೆಲ್ಲ "ಬತ್ತಾರೆ ಸುಮ್ನಿರಿ" ಎನ್ನುತ್ತಿದ್ದೆ. ಎರಡು ತಿಂಗಳು ಹೀಗೇ ಕಳೆಯಿತು. ಇನ್ನೊಂದು ಆಪರೇಷನ್ ಆಗದಿದ್ದರೆ ಕಾಲು ಸೊಟ್ಟಗೇ ಉಳಿಯುತ್ತದೆ ಎಂದರು ಡಾಕ್ಟರು. ಅದಕ್ಕೆ ದುಡ್ಡಿರಲಿಲ್ಲ.

ನಮ್ಮ ಸ್ತ್ರೀಶಕ್ತಿ ಸಂಘದ ಪ್ರಮೀಳಾ ಉಚಿತ ಕಾನೂನು ಸೇವೆಯ ಸ್ವಯಂಸೇವಕಿ. ಅವಳ ಮುಂದೆ ಎಲ್ಲವನ್ನೂ ಹೇಳಿ ಅತ್ತೆ.

"ಲಾರಿಗೆ ಇನ್ಶೂರೆನ್ಸ್ ಇರ್ತದೆ ಅಕ್ಕ. ಪರಿಹಾರ ಕೇಳೋದು ಭಿಕ್ಷೆ ಅಲ್ಲ, ನಿಮ್ ಹಕ್ಕು. ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು. ಮೊದ್ಲು ಪೊಲೀಸ್ ದೂರು ಕೊಡನ."

"ನಾನೇ ಸುಳ್ಳು ಬರ್ಸಿವ್ನಲ್ಲ. ಈಗ ನಂಬ್ತಾರಾ?"

"ಕಷ್ಟ ಆಗ್ಬೋದು. ಆದ್ರೆ ಟಾರು ರಸ್ತೆ ಪಕ್ಕದ ಅಂಗಡಿ ಸಿದ್ದಲಿಂಗಮ್ಮ ಲಾರಿ ಗುದ್ದಿದ್ದ ಕಣ್ಣಾರೆ ನೋಡವ್ಳೆ. ತಡ ಯಾಕಾಯ್ತು ಅಂತ ಇದ್ದದ್ದು ಇದ್ದಂಗೆ ಬರ್ಸನ. ಇನ್ನೂ ಸುಮ್ನಿದ್ರೆ ನಿಮ್ ಸುಳ್ಳೇ ನಿಜ ಆಗೋಯ್ತದೆ."

"ವಕೀಲ್ರಿಗೆ ಕೊಡಕೆ ನಂತಾವ ಏನದೆ?"

"ಹೆಂಗಸ್ರಿಗೆ, ಆದಾಯ ಕಮ್ಮಿ ಇರೋರಿಗೆ ಸರ್ಕಾರನೇ ವಕೀಲ್ರನ್ನ ಕೊಡ್ತದೆ. ತಾಲ್ಲೂಕು ಕೋರ್ಟಲ್ಲೇ ಕಾನೂನು ಸೇವಾ ಸಮಿತಿ ಅದೆ. ಎಲ್ಲಕ್ಕೂ ಮೊದ್ಲು ತಿಮ್ಮರಾಜಣ್ಣಂಗೆ ಹೇಳಿ."

ಅದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು. ಸಂಜೆ ಅವರ ಮಂಚದ ಪಕ್ಕ ಕೂತು, ತಲೆ ತಗ್ಗಿಸಿಕೊಂಡೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ನಂಗೆ ಎಚ್ಚರ ಇದ್ದಿದ್ರೆ ನಾನೂ ಅಂಗೇ ಬರ್ಸ್ತಿದ್ನೇನೋ ಕಣಮ್ಮಿ," ಎಂದರು. "ನಡಿ, ನಾಳೆ ಇಬ್ರೂ ಹೋಗನ."

ಅವರು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಾರನೆಯ ದಿನ ಸ್ಟೇಷನ್ನಿನಲ್ಲಿ ನಾನೇ ಬಾಯಿಬಿಟ್ಟು ಹೇಳಿದೆ. ಈಗ ವಕೀಲರು ಅರ್ಜಿ ಹಾಕಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ. ಆ ಒಂದು ಸುಳ್ಳಿನಿಂದ ಕೇಸು ಬಲು ತೊಡಕಾಗಿದೆ ಎನ್ನುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅಪಘಾತವಾದರೆ ಆಸ್ಪತ್ರೆಯಲ್ಲಿ ನಡೆದದ್ದನ್ನೇ ಬರೆಸಿ. ಲಾರಿ ನಂಬರು ಗುರುತು ಹಾಕಿಕೊಳ್ಳಿ. ತಡಮಾಡದೆ ದೂರು ಕೊಡಿ. ದಾರಿ ಕಾಣದಿದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವು ಸಿಗುತ್ತದೆ. ತಪ್ಪು ಹೇಳಿಬಿಟ್ಟಿದ್ದರೆ ನಾಚಿಕೆಗೆ ಹೆದರಿ ಕೂರಬೇಡಿ, ಇವತ್ತೇ ಹೋಗಿ. ನಾನು ಎರಡು ತಿಂಗಳು ಕೂತೆ, ನೋವು ತಿಂದವರು ನನ್ನ ಗಂಡ.