ಸೋಲುವುದಕ್ಕೆ ಕರೆಸುವವಳು

ನಮ್ಮ ಮನೆಯಲ್ಲಿ ಅತ್ತೆ ಸೊಸೆ ಜಗಳ ಆಡುವುದು ಸಾರಿಗೆ ಉಪ್ಪು ಹೆಚ್ಚಾಯಿತು ಅಂತಲ್ಲ, ಬಾಕ್ಸಿಂಗ್‌ನಲ್ಲಿ ಎಲ್ಲರಿಗಿಂತ ಗಟ್ಟಿಗ ಯಾರು ಅಂತ. ಗೋಡೆಯಾಚೆಯವರು ಟೈಸನ್ ಎಂದರೆ ನಮ್ಮ ಭಾವನೋ ಮೈದುನನೋ ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಅತ್ತೆಗೆ ಎಪ್ಪತ್ತು ದಾಟಿದೆ. ಮೊಣಕಾಲು ಅವರ ಮಾತು ಕೇಳುವುದಿಲ್ಲ, ಅವರು ಯಾರ ಮಾತೂ ಕೇಳುವುದಿಲ್ಲ. ಟೀವಿಯಲ್ಲಿ ಹಳೆಯ ಪಂದ್ಯ ಬಂತೆಂದರೆ ಒಲೆಯ ಮೇಲಿನ ಹಾಲು ಉಕ್ಕಿ ನೆಲಕ್ಕೆ ಹರಿದರೂ ಪರಿವೆ ಇರುವುದಿಲ್ಲ.

"ಟೈಸನ್ ಕಣೇ ಗಂಡು ಅಂದ್ರೆ! ಎದುರಿಗೆ ನಿಂತವನ ಮುಖ ನೋಡಿದ್ಯಾ? ಗಂಟೆ ಹೊಡೆಯೋಕೆ ಮುಂಚೇನೇ ಬೆವರು ಇಳೀತಿತ್ತು."

"ಹೊಡೆಯೋದೇನು ದೊಡ್ಡದಲ್ಲ ಅತ್ತೆ. ಆ ಕೆನಡಾದ ಚುವಾಲೋನ ನೋಡಿ. ಅಲಿ ಕೈಲಿ ತಿಂದ, ಫ್ರೇಜಿಯರ್ ಕೈಲಿ ತಿಂದ, ಫೋರ್‌ಮನ್ ಕೈಲೂ ತಿಂದ. ಒಂದು ಸಲಾನೂ ನೆಲಕ್ಕೆ ಬೀಳ್ಲಿಲ್ಲ."

"ಗೆದ್ನಾ?"

"ಇಲ್ಲ."

"ಮತ್ತೆ? ಸೋತವನನ್ನ ತಲೆ ಮೇಲೆ ಹೊತ್ಕೊಂಡು ಕುಣೀತೀಯಲ್ಲ!"

ನನ್ನ ಗಂಡ ಲಾರಿ ಓಡಿಸುತ್ತಾರೆ. ನನ್ನ ಪಂದ್ಯಗಳಲ್ಲಿ ನೀರಿನ ಬಾಟಲಿ, ಟವಲ್ ಹಿಡಿದು ಮೂಲೆಯಲ್ಲಿ ನಿಲ್ಲುವವರೂ ಅವರೇ. ಅವರಿಗೆ ಬಾಕ್ಸಿಂಗ್‌ಗಿಂತ ಕುಸ್ತಿ ಜೂಡೋಗಳ ಹುಚ್ಚು. ನಡುವೆ ಬಾಯಿ ಹಾಕದಿದ್ದರೆ ಅವರಿಗೆ ಊಟ ಸೇರುವುದಿಲ್ಲ. "ಗ್ರೇಸಿ ಕಣಮ್ಮ ಗಟ್ಟಿ. ಆ ಜಪಾನಿನ ಕಿಮುರಾ ಅವನ ಕೈನ ಹಗ್ಗ ತಿರುಚಿದಂಗೆ ತಿರುಚಿದ, ಆಗ್ಲೂ ಸೋತೆ ಅನ್ಲಿಲ್ಲ. ಕೊನೆಗೆ ಅವನ ಅಣ್ಣಾನೇ, ಸೋಲೊಪ್ಪಿದೀವಿ ನಿಲ್ಸಿ ಅಂತ ಟವಲ್ ಎಸೆದ."

"ರೀ, ನೀವು ಹಂಗೇನಾದ್ರೂ ಎಸೆದೀರ! ಟವಲ್ ಇರೋದು ಮುಖ ಒರೆಸೋಕೆ," ಎಂದೆ.

ನಾನು ಚುವಾಲೋನ ಪರ ವಹಿಸುವುದು ಸುಮ್ಮನೆ ಅಲ್ಲ. ಹಗಲು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತೇನೆ. ಸಂಜೆ ಕೈಗೆ ಪಟ್ಟಿ ಸುತ್ತಿಕೊಂಡು ತೂಗುಹಾಕಿದ ಮರಳಿನ ಮೂಟೆ ಗುದ್ದುತ್ತೇನೆ. ಮೇಲಕ್ಕೆ ಬರುತ್ತಿರುವ ಹುಡುಗಿಯರಿಗೆ ಎದುರಾಳಿ ಬೇಕಾದಾಗ ನನಗೆ ಫೋನ್ ಬರುತ್ತದೆ. ಸೋಲು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವಳನ್ನು, ತಿಂಗಳುಗಟ್ಟಲೆ ತಯಾರಾದವಳನ್ನು ತಂದು ನಿಲ್ಲಿಸಿದರೆ ಹೇಳುವ ಅಗತ್ಯವೂ ಇಲ್ಲ. ಅಂಕಗಳಲ್ಲಿ ಸೋಲುತ್ತೇನೆ, ಮುಖ ತೊಳೆದುಕೊಂಡು ಮನೆಗೆ ಬರುತ್ತೇನೆ. ಆದರೆ ಇಷ್ಟು ವರ್ಷಗಳಲ್ಲಿ ಯಾವಳೂ ನನ್ನನ್ನು ಕೆಡವಿಲ್ಲ. ನನ್ನದು ಅಂತ ಇರುವುದು ಅದೊಂದೇ. ಅದರ ಮೇಲೆ ನನಗೆ ಜಂಬವೂ ಇದೆ, ಮುಚ್ಚಿಡುವುದೇಕೆ?

ಪಂದ್ಯ ಏರ್ಪಡಿಸುವವನಿಗೆ ನಾವಿಟ್ಟ ಹೆಸರು ಸೂಟಪ್ಪ. ಬೆವರು ಧಾರಾಕಾರ ಸುರಿದರೂ ಕೋಟು ಬಿಚ್ಚುವುದಿಲ್ಲ. ಮುಂದಿನ ಪಂದ್ಯಕ್ಕೆ ವಾರ ಇರುವಾಗ ಅವನೇ ಮನೆಗೆ ಬಂದ. ಅತ್ತೆ ನೆಲದ ಮೇಲೆ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದರು.

"ಅಕ್ಕಾ, ನಮ್ಮ ಹುಡುಗಿ ಚೆನ್ನಾಗಿ ಬರ್ತಿದಾಳೆ. ಆದ್ರೆ ಯಾರನ್ನೂ ಬೀಳಿಸಿಲ್ಲ ಅಂತ ಟೀವಿಯವರು ಮೂಗು ಮುರೀತಾರೆ. ನಿಮ್ಮನ್ನ ಯಾರೂ ಬೀಳಿಸಿಲ್ಲ ಅಂತ ಎಲ್ರಿಗೂ ಗೊತ್ತು. ಮೂರನೇ ಸುತ್ತಲ್ಲಿ ಒಂದು ಸಲ ಕೂತ್ಬಿಡಿ, ಹತ್ತು ಎಣಿಸೋವರೆಗೂ ಏಳ್ಬೇಡಿ. ಇಡೀ ವರ್ಷ ನಿಮಗೆ ಪಂದ್ಯ ಕೊಡೋ ಜವಾಬ್ದಾರಿ ನಂದು."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಟಾಣಿಯಿಂದ ತಲೆ ಎತ್ತಿದರು. "ನಮ್ಮ ಟೈಸನ್ ಯಾರ ಮನೆಗೂ ಜನ ಕಳಿಸಿ, ದಮ್ಮಯ್ಯ ಬಿದ್ಬಿಡಪ್ಪಾ ಅಂತ ಕೇಳಿರ್ಲಿಲ್ಲ."

ಸೂಟಪ್ಪ ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬೀಳಿಸೋ ತಾಕತ್ತಿದ್ರೆ ಬೀಳಿಸ್ಲಿ. ನಾನಾಗೇ ಬೀಳಲ್ಲ."

"ಹಾಗಾದ್ರೆ ಇದೇ ನಿಮ್ಮ ಕೊನೇ ಪಂದ್ಯ. ಈ ವಯಸ್ಸಲ್ಲಿ ನಿಮ್ಮನ್ನ ಕರೆಯೋರು ನಾನು ಬಿಟ್ರೆ ಇನ್ಯಾರು?"

ಅವನು ಹೇಳಿದ್ದು ಸುಳ್ಳಲ್ಲ. ಅವನು ಹೋದ ಮೇಲೆ ನನಗೆ ಹೆದರಿಕೆಯಾಯಿತು. ಆ ಹಗ್ಗಗಳ ಒಳಗೆ ಮಾತ್ರ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಇಸ್ತ್ರಿಯವಳೂ ಅಲ್ಲ. ಅದನ್ನು ಬಿಟ್ಟು ಬದುಕುವುದು ಹೇಗೆಂದು ನನಗೆ ತಿಳಿದಿರಲಿಲ್ಲ.

ಪಂದ್ಯದ ದಿನ ಅತ್ತೆ ಕೋಲು ಹಿಡಿದು ಹೊರಟು ನಿಂತರು. ಹಿಂದೆ ಒಮ್ಮೆಯೂ ಬಂದವರಲ್ಲ. ಸೋಲುವುದನ್ನು ನೋಡಲು ಅಷ್ಟು ದೂರ ಯಾರು ಹೋಗುತ್ತಾರೆ ಎನ್ನುತ್ತಿದ್ದರು. 

ಹುಡುಗಿ ಚುರುಕಾಗಿದ್ದಳು. ಮೊದಲೆರಡು ಸುತ್ತುಗಳಲ್ಲೇ ನನ್ನ ಹುಬ್ಬು ಒಡೆಯಿತು, ಪಕ್ಕೆಲುಬು ಚುರುಗುಟ್ಟಿತು. ಮೂರನೆಯ ಸುತ್ತಿನಲ್ಲಿ ಅವಳ ಬಲಗೈ ನನ್ನ ದವಡೆಗೆ ಬಿತ್ತು. ಹೊಡೆದು, ಒಂದು ಹೆಜ್ಜೆ ಹಿಂದೆ ಸರಿದು ಕಾದಳು. ನಾನು ನಿಂತೇ ಇದ್ದೆ. ಅವಳು ತಿರುಗಿ ತನ್ನ ಮೂಲೆಯ ಕಡೆ ನೋಡಿದಳು. ಹಾಗಾದರೆ ಅವಳಿಗೂ ಹೇಳಿಟ್ಟಿದ್ದರು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಐದನೆಯ ಸುತ್ತಿನಲ್ಲಿ ಗಂಡ ಟವಲನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದು ಕಂಡಿತು. ಕಣ್ಣಲ್ಲೇ ಗದರಿಸಿದೆ. ಅಷ್ಟರಲ್ಲಿ ಹುಡುಗಿಯ ಕೈಗಳು ಇಳಿಯತೊಡಗಿದ್ದವು. ಮೂರು ಸುತ್ತಿಗೆ ಮುಗಿಯುತ್ತದೆಂದು ನಂಬಿದವಳು ಆರು ಸುತ್ತಿನ ಉಸಿರು ಎಲ್ಲಿಂದ ತಂದಾಳು? ಕೊನೆಯ ಸುತ್ತಿನಲ್ಲಿ ನನ್ನನ್ನು ಅಪ್ಪಿಕೊಂಡು ಹೆಗಲ ಮೇಲೆ ತಲೆ ಒರಗಿಸಿದಳು.

"ಅಕ್ಕಾ, ಬಿದ್ಬಿಡಿ. ಪ್ಲೀಸ್. ಕೈ ಎತ್ತೋಕೇ ಆಗ್ತಿಲ್ಲ."

ಅವಳು ಅಳುತ್ತಿದ್ದಳು. ಸಿಟ್ಟೆಲ್ಲ ಇಳಿದು ಸಂಕಟವಾಯಿತು, ಆದರೂ ಬೀಳುವ ಮನಸ್ಸಾಗಲಿಲ್ಲ.

"ಇವತ್ತು ನಾನು ಬಿದ್ರೆ ನಾಳೆ ಇನ್ನೊಬ್ಬಳು ನಿನ್ನ ಸಾಯ್ಸಿಬಿಡ್ತಾಳೆ ಕೂಸೇ. ಕೈ ಎತ್ತು. ಹೊಡಿ ನನ್ನ."

ಹೊಡೆದಳು. ಆ ದಿನದ ಅತಿ ಒಳ್ಳೆಯ ಏಟು ಅದು. ಕಣ್ಣು ಕತ್ತಲಿಟ್ಟಿತು, ಹಗ್ಗ ಬೆನ್ನಿಗೆ ತಾಗಿತು. ನಾನು ಹಗ್ಗ ಹಿಡಿಯಲಿಲ್ಲ. ಗಂಟೆ ಹೊಡೆಯಿತು.

ಅಂಕಗಳಲ್ಲಿ ಅವಳೇ ಗೆದ್ದಳು. ನ್ಯಾಯವಾಗಿ ಗೆದ್ದಳು. ಕೆಳಗಿಳಿಯುವಾಗ ಸೂಟಪ್ಪ ಹತ್ತಿರ ಬಂದು, "ಇನ್ನು ಫೋನ್ ಕಾಯ್ಬೇಡಿ," ಎಂದ.

"ಕಾಯಲ್ಲ. ನಿಮ್ಮ ಹುಡುಗಿಗೆ ಆರು ಸುತ್ತು ನಿಲ್ಲೋದು ಕಲಿಸಿ, ಹೋಗಿ," ಎಂದೆ.

ಕುರ್ಚಿಗಳ ನಡುವಿನ ದಾರಿ ನನ್ನ ಕಣ್ಣಿಗೆ ಉದ್ದಕ್ಕೂ ಅಲುಗಾಡುತ್ತಿತ್ತು. ಗಂಡ ಸಾಮಾನು ತರಲು ಹಿಂದೆ ಉಳಿದಿದ್ದರು. ಅತ್ತೆ ಎದ್ದು ಬಂದು ನನ್ನ ತೋಳಿಗೆ ಕೈ ಹಾಕಲು ನೋಡಿದರು.

"ಈಗ ಹಿಡ್ಕೋಬೇಡಿ ಅತ್ತೆ. ಎಲ್ಲ ನೋಡ್ತಿದಾರೆ. ಬಾಗಿಲು ದಾಟೋಣ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನ ಮುಂದೆ ಕೋಲು ಕುಟ್ಟುತ್ತ, "ದಾರಿ ಬಿಡಿ, ಏಳ್ರೋ, ದಾರಿ ಬಿಡಿ," ಎಂದು ಎಲ್ಲರನ್ನೂ ಸರಿಸುತ್ತ ನಡೆದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಹೊರಗೆ ಬಂದೊಡನೆ ಬಾಗಿಲು ಎಳೆದು ಮುಚ್ಚಿದರು. ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿದರು.

"ಯಾರೂ ಇಲ್ಲ," ಎಂದರು. "ಈಗ ಬೀಳು."