ಮೇಲಕ್ಕೆ ಏಳದ ದನಿ

“ಬೊಗಳ್ಬೇಡ, ಕೇಳು! ಅಪ್ಪಣೆ ಕೇಳೋದಕ್ಕೂ ಅಪ್ಪಣೆ ಕೊಡೋದಕ್ಕೂ ವ್ಯತ್ಯಾಸ ಗೊತ್ತಾಗಲ್ವೇನೆ ನಿಂಗೆ?”

ಕೆಲಸದ ಹೆಂಗಸರಾದ ನಮಗೆ ಇಂಗ್ಲಿಷ್ ಮಾತು ಕಲಿಸಲೆಂದು ಹೋಟೆಲಿನವರು ಕರೆಸಿದ್ದ ಮೇಷ್ಟ್ರು ನನ್ನ ಅತ್ತಿಗೆಯ ಮುಖದ ಮುಂದೆ ಬೆರಳು ಕುಣಿಸಿದರು. ಅವಳು ಮತ್ತೆ ಹೇಳಿದಳು.

“ಮೇ ಐ ಕ್ಲೀನ್ ಯುವರ್ ರೂಮ್, ಸರ್.”

ಪದ ಒಂದೂ ತಪ್ಪಲಿಲ್ಲ. ಆದರೆ ಕೊನೆಗೆ ದನಿ ಏಳಲಿಲ್ಲ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ ದೊಪ್ಪನೆ ಬಿತ್ತು.

ಕೆಲಸ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಪಾಠ. ಕೂರಲು ಕುರ್ಚಿಯಿಲ್ಲ, ಮಡಚಿಟ್ಟ ಬೆಡ್‌ಶೀಟಿನ ರಾಶಿಗಳ ನಡುವೆ, ಬಾತ ಕಾಲುಗಳ ಮೇಲೆ ನಿಂತು ಕಲಿಯಬೇಕು. ಮೇಷ್ಟ್ರು ಹಲಗೆಯ ಮೇಲೆ ಎರಡು ಬಾಣ ಬರೆದಿದ್ದರು. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಮೇಲಕ್ಕೆ ಹೋದರೆ ಪ್ರಶ್ನೆ, ವಿನಯ. ಕೆಳಕ್ಕೆ ಇಳಿದರೆ ಮಾತು ಮುಗಿಯಿತು ಎಂದು ಅರ್ಥ. “ಮಾತು ಮುಗ್ಸೋದು ಗೆಸ್ಟು. ನೀವಲ್ಲ,” ಎನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಬರಲಾ, ತೊಳೀಲಾ ಎಂದರೆ ಸಾಕು, ಪದದ ಬಾಲದಲ್ಲೇ ಪ್ರಶ್ನೆ ಇರುತ್ತದೆ. ಇಂಗ್ಲಿಷಿನಲ್ಲಿ ಗಂಟಲೇ ಆ ಕೆಲಸವನ್ನೂ ಮಾಡಬೇಕು. ನಾವು ಅವರನ್ನು ರಾಗದ ಮೇಷ್ಟ್ರು ಎಂದು ಕರೆಯುತ್ತಿದ್ದೆವು, ಬೆನ್ನ ಹಿಂದೆ.

“ಸಾರ್, ಗೆಸ್ಟು ನಮ್ಮನ್ನ ಬೈಯೋವಾಗ್ಲೂ ದನಿ ಮೇಲಕ್ಕೇ ಹೋಗುತ್ತಲ್ಲ, ಅದೂ ವಿನಯಾನಾ?” ಎಂದು ಇಸ್ತ್ರಿ ಅಕ್ಕ ಕೇಳಿದಳು. ನಾವೆಲ್ಲ ಕಿಸಕ್ಕೆಂದೆವು. ಅವಳನ್ನು ಪಾಠ ಮುಗಿಯುವ ತನಕ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮೊಮ್ಮಕ್ಕಳಿರುವ ಹೆಂಗಸು.

ನನಗೆ ರಾಗ ಬೇಗ ಹತ್ತಿತು. ಮೇಷ್ಟ್ರು ಹೊಗಳಿದರು. ಹೊಗಳಿದಾಗ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಅತ್ತಿಗೆಗೆ ಮಾತ್ರ ಹತ್ತಲಿಲ್ಲ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳು ಬೀದಿಯ ಆ ತುದಿಯಿಂದ ಕರೆದರೆ ಈ ತುದಿಯಲ್ಲಿ ಕೇಳುತ್ತಿತ್ತು. ಆಮೇಲೆ ಇಲ್ಲಿಯ ಒಗೆಯುವ ಕೋಣೆ ಸೇರಿದಳು. ಕಿಟಕಿಯಿಲ್ಲದ ಕೋಣೆ, ಬ್ಲೀಚ್ ನೀರಿನ ತೊಟ್ಟಿಗಳು. ಗಾಳಿ ಹೊರಗೆಳೆಯುವ ಫ್ಯಾನು ಕೆಟ್ಟು ನಿಂತಿತ್ತು. ರಿಪೇರಿ ಮಾಡಿಸಿ ಎಂದು ದನಿ ಇದ್ದಾಗಲೇ ಮ್ಯಾನೇಜರನ್ನು ಕೇಳಿದ್ದಳು. “ನೋಡೋಣ,” ಅಂದಿದ್ದರು. ನೋಡುತ್ತಲೇ ಇದ್ದರು. ಅಷ್ಟರಲ್ಲಿ ಬ್ಲೀಚಿನ ಘಾಟಿಗೆ ಗಂಟಲು ಸುಟ್ಟುಹೋಯಿತು.

ಮೇಲೆ ಆಳು ಕಡಿಮೆಯಾಯಿತೆಂದು ಒಂದು ದಿನ ಅವಳನ್ನು ರೂಮುಗಳಿಗೆ ಕಳಿಸಿದರು. ಮಧ್ಯಾಹ್ನದೊಳಗೆ ದೂರು ಬಂತು. ‘ನಿಮ್ಮ ಕೆಲಸದವಳು ನನ್ನನ್ನು ರೂಮಿನಿಂದ ಆಚೆ ಹೋಗು ಅಂತ ಗದರಿಸಿದಳು.’

ಅವಳನ್ನು ರಿಸೆಪ್ಷನ್ನಿಗೆ ಕರೆಸಿದರು, ಮೇಷ್ಟ್ರನ್ನೂ ಕರೆಸಿದರು. ನಾನೂ ಹಿಂದೆಯೇ ಹೋದೆ. ಗೆಸ್ಟು ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದ. ಬಂದುಹೋಗುವವರೆಲ್ಲ ನಿಂತು ನೋಡತೊಡಗಿದರು.

“ಕ್ಷಮೆ ಕೇಳು,” ಎಂದರು ಮ್ಯಾನೇಜರ್.

“ಐ ಆಮ್ ವೆರಿ ಸಾರಿ, ಸರ್.”

“ಇದೇನು ಸಾರಿನಾ, ಜಗಳಾನಾ?” ಮೇಷ್ಟ್ರು ಬೆರಳನ್ನು ಕೆಳಗಿನಿಂದ ಮೇಲಕ್ಕೆ ಎಳೆದು ತೋರಿಸಿದರು. “ಸಾ-ರೀ. ಬಳುಕ್ಬೇಕು. ಇನ್ನೊಂದ್ಸಲ.”

ಹೇಳಿದಳು. ಇನ್ನೊಂದು ಸಲ. ಮತ್ತೆ. ಬೆರಳು ಏಳುತ್ತಿತ್ತು, ದನಿ ಬೀಳುತ್ತಿತ್ತು. ಕೆಮ್ಮು ಬಂತು. ಸಾಕು ಬಿಡಿ ಎಂಬಂತೆ ಗೆಸ್ಟೇ ಕೈಯಾಡಿಸಿದ.

“ಇಲ್ಲ ಸರ್, ಸರಿಯಾಗಿ ಹೇಳೋ ತನಕ ಬಿಡಲ್ಲ,” ಎಂದರು ಮ್ಯಾನೇಜರ್.

ಆಮೇಲೆ ಅತ್ತಿಗೆಯ ತುಟಿ ಮಾತ್ರ ಆಡಿತು. ಉಸಿರು ಬಿಟ್ಟರೆ ಏನೂ ಹೊರಡಲಿಲ್ಲ.

“ನಾಟಕ ಆಡ್ತಾಳೆ, ಮುಂಡೇದು,” ಎಂದರು ಮೇಷ್ಟ್ರು. ನನ್ನ ಕಡೆ ತಿರುಗಿದರು. “ನೀನು ಬಾರಮ್ಮ. ನಿನ್ನ ದನಿ ಚೆನ್ನಾಗಿದೆ. ಇವಳ ಬದಲು ನೀನು ಹೇಳು.”

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅತ್ತಿಗೆಯ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

“ನಿನ್ನ ರಾಗಕ್ಕಿಷ್ಟು ಬೆಂಕಿ ಹಾಕ,” ಎಂದೆ. ಅತ್ತಿಗೆಯ ರಟ್ಟೆ ಹಿಡಿದು ಮೆಟ್ಟಿಲಿಳಿದೆ.

ಕೆಳಗೆ ಮಷೀನುಗಳು ಗಡಗಡ ಎನ್ನುತ್ತಿದ್ದವು. ಅತ್ತಿಗೆ ನನ್ನ ಕೈ ಬಿಡಿಸಿಕೊಂಡು ನೇರ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಎಲ್ಲ ನಿಂತಿತು.

“ಯಾಕೇ? ಏನಾಯ್ತೇ?” ಇಸ್ತ್ರಿ ಅಕ್ಕ ಓಡಿ ಬಂದಳು.

ಅತ್ತಿಗೆ ಗಂಟಲು ಮುಟ್ಟಿ ತೋರಿಸಿದಳು. ಮೇಲೆ ನಡೆದದ್ದನ್ನು ನಾನು ಹೇಳಿದೆ.

“ಥೂ, ಅವನ ವಂಶ ಹಾಳಾಗ,” ಎಂದು ಇಸ್ತ್ರಿ ಅಕ್ಕ ತನ್ನ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತೆಸೆದಳು. ಹಿಂಬಾಗಿಲಿನಿಂದ ಹೊರಟು, ಕಟ್ಟಡ ಸುತ್ತಿ, ಗೆಸ್ಟುಗಳ ಕಾರು ಬಂದು ನಿಲ್ಲುವ ಮುಂಬಾಗಿಲಿನ ಮೆಟ್ಟಿಲ ಮೇಲೆ ನಾವೆಲ್ಲ ಕೂತೆವು. ಆ ಬಾಗಿಲಿನಲ್ಲಿ ನಾವು ಒಂದು ದಿನವೂ ಕಾಲಿಟ್ಟವರಲ್ಲ.

ಮೇಲೆ ಹಾಸಿಗೆಗಳು ಬೋಳಾಗಿ ಬಿದ್ದಿದ್ದವು. ಸಂಜೆಯ ಗೆಸ್ಟುಗಳು ಬರತೊಡಗಿದರು. ಹಾಸಲು ಒಗೆದ ಶೀಟಿಲ್ಲ, ಒರೆಸಿಕೊಳ್ಳಲು ಟವೆಲಿಲ್ಲ. ಮ್ಯಾನೇಜರ್ ಮೊದಲು ಬೈದರು, ಪೊಲೀಸರನ್ನು ಕರೆಸುತ್ತೇನೆ ಎಂದರು. ಯಾರೂ ಏಳಲಿಲ್ಲ. ಮೇಷ್ಟ್ರು ಗಾಜಿನ ಬಾಗಿಲ ಹಿಂದೆಯೇ ನಿಂತಿದ್ದರು, ಹೊರಗೆ ಬರಲಿಲ್ಲ.

“ಏನ್ ಬೇಕು ನಿಮ್ಗೆ?” ಕೊನೆಗೆ ಮ್ಯಾನೇಜರ್ ನನ್ನ ಮುಂದೆ ಬಂದು ನಿಂತರು. “ನಿಂಗೆ ಮಾತು ಬರುತ್ತಲ್ಲ, ಹೇಳು.”

“ಅತ್ಗೇನ ಕೇಳಿ.”

“ಅವಳಿಗೆ ದನಿ ಎಲ್ಲಿದೆ?”

“ಹತ್ರ ಹೋಗಿ ಕೇಳಿ.”

ಮ್ಯಾನೇಜರ್ ಸುತ್ತ ನೋಡಿದರು. ಪೆಟ್ಟಿಗೆ ಹಿಡಿದ ಗೆಸ್ಟುಗಳು ಕಾಯುತ್ತಿದ್ದರು. ಅವರು ಬಗ್ಗಿದರು. ಸಾಲಲಿಲ್ಲ. ಇನ್ನೂ ಬಗ್ಗಿದರು. ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲು ಮೆಟ್ಟಿಲಿಗೆ ತಾಗಿತು.

ಅತ್ತಿಗೆ ಅವರ ಕಿವಿಯ ಹತ್ತಿರ ಬಾಯಿ ತಂದಳು. ಅವಸರ ಮಾಡಲಿಲ್ಲ.