ಮೂವತ್ತು ಕೆಂಪು ಚುಕ್ಕೆ

ಉಗುರುಬಣ್ಣದ ವಾಸನೆ, ಅದೇ, ಬೇರೇನೂ ಅಲ್ಲ, ಚೀಲದ ಬಾಯಿ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಸಮುದ್ರವೂ ಅಲ್ಲ, ಪಾಚಿಯೂ ಅಲ್ಲ, ಡಿಪೋದ ಎಣ್ಣೆಯಂತೂ ಅಲ್ಲವೇ ಅಲ್ಲ — ಹೆಣ್ಣುಮಕ್ಕಳು ಬೆರಳು ಬಿಡಿಸಿಕೊಂಡು ಊದಿಕೊಳ್ಳುತ್ತಾ ಕೂತ ಕೋಣೆಯ ವಾಸನೆ. ಮೂರು ತಿಂಗಳು ಉಪ್ಪುನೀರಲ್ಲಿ ನೇತಾಡಿದ ಕಪ್ಪೆಚಿಪ್ಪಿಗೆ ಇದೆಲ್ಲಿಂದ ಬಂತು. ಬಣ್ಣ ಕರಗಿಸುವ ಅಸಿಟೋನ್ ಬಾಟಲಿಯ ಮುಚ್ಚಳ ಸಡಿಲವಾಗಿರಬಹುದು, ಈ ಪ್ರಯೋಗಾಲಯದಲ್ಲಿ ಮುಚ್ಚಳ ಸರಿಯಾಗಿ ಹಾಕೋ ಪುಣ್ಯಾತ್ಮರು ಯಾರಿದ್ದಾರೆ, ಎದ್ದು ಹೋಗಿ ನೋಡಿದೆ, ಬಿಗಿಯಾಗೇ ಇದೆ, ಹಾಕಿದವಳು ನಾನೇ. ಮತ್ತೆ ಬಂದು ಮೂಸಿದೆ. ಟ್ರೇಯಲ್ಲಿ ಮೂವತ್ತು ಚಿಪ್ಪು, ಮೂವತ್ತಕ್ಕೂ ಎಡಗಡೆ ಕೀಲಿನ ಹತ್ತಿರ ಕೆಂಪು ಚುಕ್ಕೆ, ನಾನು ಇಟ್ಟ ಜಾಗದಲ್ಲೇ, ನಾನು ಇಟ್ಟ ಬಣ್ಣವೇ, ಅತ್ತಿಗೆಯ ಬಾಟಲಿಯಿಂದ ಕೇಳಿ ತಂದದ್ದು — ಆಫೀಸಿನವರು ಗುರುತಿನ ಪೇಂಟು ಕೊಡ್ತೀವಿ ಕೊಡ್ತೀವಿ ಅಂತ ಒಂದು ವರ್ಷ ಕಳೆದರು, ಅತ್ತಿಗೆ ಒಂದು ನಿಮಿಷದಲ್ಲಿ ಕೊಟ್ಟಳು, ನಿನಗೂ ಕೊನೆಗೆ ಉಗುರಿಗೆ ಬಣ್ಣ ಹಚ್ಚೋ ಬುದ್ಧಿ ಬಂತಲ್ಲ ಅಂತ ನಕ್ಕಳು, ನನಗಲ್ಲ ಅತ್ತಿಗೆ, ಚಿಪ್ಪಿಗೆ ಅಂದೆ, ಇನ್ನೂ ಜೋರಾಗಿ ನಕ್ಕಳು. ಚುಕ್ಕೆಗಳೆಲ್ಲ ದುಂಡಗಿವೆ, ಹೊಳೆಯುತ್ತಿವೆ. ಅದೇ ಸರಿಯಿಲ್ಲ. ಮೂರು ತಿಂಗಳಲ್ಲಿ ಬಣ್ಣ ಅಂಚಿನಿಂದ ಏಳಬೇಕು, ಮೇಲೆ ಹಸಿರು ಲೋಳೆ ಕೂರಬೇಕು, ಬಿಳಿ ಹುಳಗಳು ಅದರ ಮೇಲೇ ಸುಣ್ಣದ ಕೊಳವೆಮನೆ ಕಟ್ಟಬೇಕು. ಇವು ತೊಳೆದಿಟ್ಟ ಪಾತ್ರೆಯ ಹಾಗಿವೆ. ಗಂಟೆ ಎರಡೂವರೆ.

ನಾಲ್ಕಕ್ಕೆ ಸಾಹೇಬರಿಗೆ ಫಾರಂ ಬೇಕು. ಬದುಕಿರುವುದು ಎಷ್ಟು, ಸತ್ತದ್ದು ಎಷ್ಟು, ಗುರುತು ಸರಿಯಿದೆಯೇ, ಸಹಿ. ಚಿಪ್ಪೆಲ್ಲ ಜೀವಂತ ಅಂತ ಆ ಕಾಗದ ಹೇಳಿದರೆ ಎಣ್ಣೆ ಡಿಪೋದ ಎರಡನೇ ಪೈಪಿಗೆ ನಾಳೆ ಬೆಳಿಗ್ಗೆ ಅನುಮತಿ, ಮೊದಲನೆಯದಕ್ಕಿಂತ ದಪ್ಪ ಪೈಪು, ಟ್ಯಾಂಕು ತೊಳೆದ ನೀರೆಲ್ಲ ನೇರ ಕೊಲ್ಲಿಗೆ, ಅಲ್ಲಿಗೆ ಆ ಕೊಲ್ಲಿಯ ಕಥೆ ಮುಗಿಯಿತು. ಎಲ್ಲಾ ಚೆನ್ನಾಗಿದೆ ತಾನೇ, ಮೇಡಂ, ಅಂತ ಸಾಹೇಬರು ಆಗಲೇ ಎರಡು ಸಲ ಬಾಗಿಲಲ್ಲಿ ಇಣುಕಿದರು, ಚೆನ್ನಾಗಿದೆ ಸಾರ್, ನೋಡ್ತಾ ಇದೀನಿ ಸಾರ್. ನೋಡ್ತಾ ಇದೀನಿ. ಒಂದನ್ನು ಎತ್ತಿ ಬೆರಳಲ್ಲಿ ತಟ್ಟಿದೆ, ಟಕ್ ಅಂತ ಮುಚ್ಚಿಕೊಂಡಿತು. ಇನ್ನೊಂದು, ಅದೂ ಟಕ್. ಹೀಗೆ ತಟ್ಟುವುದನ್ನು ಕಲಿಸಿದವನು ಅಣ್ಣ, ನನಗೆ ಆರೋ ಏಳೋ, ಅವನ ಹೆಗಲ ಮೇಲೆ ಕೂತು ಬಂಡೆಗಳ ಕಡೆ ಹೋಗುತ್ತಿದ್ದೆ, ಜೀವ ಇದ್ರೆ ಮುಚ್ಕೊಳ್ಳುತ್ತೆ ಪುಟ್ಟಿ, ಇಲ್ಲಾಂದ್ರೆ ಹಾಗೇ ಬಾಯಿಬಿಟ್ಕೊಂಡಿರುತ್ತೆ, ಅದನ್ನ ಮುಟ್ಬೇಡ. ನನ್ನ ಓದು, ನನ್ನ ನೌಕರಿ, ಎಲ್ಲದರ ಬುಡದಲ್ಲೂ ಆ ತಟ್ಟುವಿಕೆಯೇ ಇದೆ, ಕಾಲೇಜಿನವರು ಅದಕ್ಕೆ ದೊಡ್ಡ ದೊಡ್ಡ ಹೆಸರು ಕೊಟ್ಟರು, ಅಷ್ಟೆ. ಈ ಬಡಪಾಯಿ ಒಂದು ಗಂಟೆಗೆ ಲೀಟರ್‌ಗಟ್ಟಲೆ ನೀರು ಸೋಸುತ್ತದೆ, ನೀರಲ್ಲಿ ಏನಿದೆಯೋ ಅದನ್ನೆಲ್ಲ ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಬೇಡವೆಂದು ಎದ್ದು ಹೋಗಲು ಕಾಲಿಲ್ಲ. ಅದಕ್ಕೇ ಪಂಜರದಲ್ಲಿ ಹಾಕಿ ಪೈಪಿನ ಬಾಯಿಯ ಹತ್ತಿರ ನೇತುಹಾಕುವುದು. ಡಿಪೋದವರ ಮಾತು ಬೇಡ, ಸಾಹೇಬರ ಮಾತೂ ಬೇಡ, ಚಿಪ್ಪು ಹೇಳಲಿ.

ಉಗುರುಬಣ್ಣದ ಬಾಟಲಿ ಎಲ್ಲಿದೆ. ಮೂರು ತಿಂಗಳ ಹಿಂದೆ ದೋಣಿಯಲ್ಲೇ ಮರೆತು ಬಂದಿದ್ದೆ, ಅತ್ತಿಗೆಗೆ ಹೊಸದು ತಂದುಕೊಡ್ತೀನಿ ಅಂದಿದ್ದೆ, ತಂದುಕೊಡಲಿಲ್ಲ. ದೋಣಿ ಅಣ್ಣನದು. ಚುಕ್ಕೆ ಎಲ್ಲಿಡುತ್ತೇನೆ ಎಂದು ನೋಡಿದವನು ಅವನೊಬ್ಬನೇ, ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟವನೂ ಅವನೇ — ಬೇಡ, ಇದನ್ನು ಇಲ್ಲಿಗೇ ಬಿಡೋಣ, ಡಿಪೋದವರು ಹಗ್ಗ ಕತ್ತರಿಸಿ ಬೇರೆ ಪಂಜರ ಕಟ್ಟಿರಬಹುದು, ಅವರಿಗೇನು ಕೆಂಪು ಬಣ್ಣಕ್ಕೆ ಬರವೇ. ಆದರೆ ಎಡಗಡೆ, ಕೀಲಿನ ಹತ್ತಿರ, ಒಂದು ಕಾಳಿನಷ್ಟು. ಡಿಪೋದವರಿಗೆ ಹೇಳಿದವರು ಯಾರು. ಪಂಜರ ಬೇಕೆಂದು ಹಠ ಹಿಡಿದವನೇ ಅಣ್ಣ, ಅದನ್ನು ಹೇಗೆ ಮರೆಯಲಿ, ಎರಡು ವರ್ಷದ ಕೆಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಈ ಆಫೀಸಿಗೆ ಬಂದ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ಮೀನು, ಸೀದಾ ಸಾಹೇಬರ ಮೇಜಿನ ಮೇಲೆ ಫೈಲುಗಳ ನಡುವೆ ಇಟ್ಟ, ಮೂಸಿ ನೋಡಿ ಸಾರ್, ಸೀಮೆಎಣ್ಣೆ, ಕೊಂಡವರು ತಂದು ನನ್ನ ಮುಖಕ್ಕೇ ಎಸೆದ್ರು. ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು, ಇವನು ನನ್ನ ಅಣ್ಣ ಅಂತ ಎಲ್ಲರಿಗೂ ಹೇಳಿದೆ. ಅವತ್ತೇ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಮೀನಿನ ಮರಿಗಳನ್ನು ತೋರಿಸಿದೆ, ಆಗಷ್ಟೇ ಮೊಟ್ಟೆಯಿಂದ ಹೊರಬಂದವು, ಬೆನ್ನು ಗಾಳದ ಹಾಗೆ ಬಾಗಿದೆ, ಎದೆಯ ಸುತ್ತ ನೀರು ತುಂಬಿ ಊದಿದೆ, ನೇರ ಈಜಲಾರದೆ ಒಂದೇ ಕಡೆ ಸುತ್ತುತ್ತಿವೆ. ಬಹಳ ಹೊತ್ತು ನೋಡಿದ. ಇವು ದೊಡ್ಡವಾದ್ರೆ ನೆಟ್ಟಗಾಗ್ತವಾ ಪುಟ್ಟಿ. ದೊಡ್ಡವಾಗಲ್ಲ ಅಣ್ಣ. ಕಣ್ಣೊರೆಸಿಕೊಂಡು, ಏನಾದ್ರೂ ಮಾಡು, ಓದಿದೋಳು ನೀನು, ಅಂದ. ಮಾಡಿದೆನಲ್ಲ, ಎರಡು ವರ್ಷ ಅರ್ಜಿ, ಜಗಳ, ಮೇಲಿನವರಿಂದ ಬೈಸಿಕೊಂಡದ್ದು, ಎಲ್ಲ ಅವನೊಬ್ಬ ಅತ್ತನೆಂದು.

ಈಚೆಗೆ ಅವನ ದೋಣಿಗೆ ಹೊಸ ಎಂಜಿನ್ ಬಂದಿತ್ತು. ಡಿಪೋದವರು ಆಳುಗಳನ್ನು ಸಾಗಿಸೋಕೆ ಬಾಡಿಗೆಗೆ ತಗೊಂಡಿದಾರೆ, ಮೀನಂತೂ ಇಲ್ಲ, ಹೊಟ್ಟೆಪಾಡು, ಅಂದಿದ್ದ, ಒಳ್ಳೇದಾಯ್ತು ಬಿಡಣ್ಣ ಅಂದಿದ್ದೆ. ದೋಣಿಯ ಮೂಲೆಯಲ್ಲಿ ನೀಲಿ ಡ್ರಮ್ಮುಗಳು. ಏನಣ್ಣ ಇದು. ಸೋಪಿನ ನೀರು ಕಣೇ. ಯಾವ ಸೋಪೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ತೇಲುವ ಎಣ್ಣೆಯ ಮೇಲೆ ಚಿಮುಕಿಸಿದರೆ ಎಣ್ಣೆ ಹನಿಹನಿಯಾಗಿ ಒಡೆದು ನೀರೊಳಗೆ ಬೆರೆಯುತ್ತದೆ, ಮೇಲೆ ನೋಡುವವರಿಗೆ ಕನ್ನಡಿಯಂಥ ನೀರು, ಒಳಗಿರುವವರಿಗೆ ಎರಡು ವಿಷ. ಗೊತ್ತಿದ್ದೂ ಕೇಳಲಿಲ್ಲ. ನನ್ನ ಅಣ್ಣನ ದೋಣಿಯಲ್ಲಿ ಅದು ಇರಲಾರದು ಎಂದುಕೊಂಡೆ, ಯಾರ ದೋಣಿಯಲ್ಲಾದರೂ ಇರಲಿ, ಅವನದರಲ್ಲಿ ಇರಲಾರದು. ಮತ್ತೆ ನನ್ನದೊಂದು ರೋಗ ಇದೆಯಲ್ಲ, ಸಮುದ್ರದ ಸಂಬಳ ತಿನ್ನುವವಳಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳೆಸುತ್ತದೆ, ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ, ಹೇಳಿದರೆ ಆಡಿಕೊಂಡು ನಗುತ್ತಾರೆ. ಅಣ್ಣನಿಗೆ ಮಾತ್ರ ಗೊತ್ತು. ತಿಂಗಳಿಗೊಮ್ಮೆ ಪಂಜರ ನೋಡಬೇಕೆಂದು ನಿಯಮ, ದಡದಿಂದ ಹೊರಡುವಾಗಲೇ ನನ್ನ ಮುಖ ಬಿಳಿಚುತ್ತಿತ್ತು, ನೀನು ಯಾಕೆ ಒದ್ದಾಡ್ತೀಯ, ಕಣ್ಮುಚ್ಕೊಂಡು ಮಲ್ಕೋ, ನಾನು ನೋಡಿ ಹೇಳ್ತೀನಿ, ಅನ್ನುತ್ತಿದ್ದ. ಎಲ್ಲಾ ಚೆನ್ನಾಗಿವೆ ಪುಟ್ಟಿ, ಅನ್ನುತ್ತಿದ್ದ. ನಾನು ಮಲಗಿಕೊಂಡೇ ಬರೆದೆ: ಖುದ್ದಾಗಿ ಪರಿಶೀಲಿಸಿದೆ. ಮೂರು ಸಲ ಹಾಗೇ ಬರೆದೆ, ಮೂರು ಸಲವೂ ಸಹಿ ಹಾಕಿದೆ.

ಇವತ್ತು ಬೆಳಿಗ್ಗೆ ಯಾಕೋ ಸುತ್ತುಬಳಸಿನ ದಾರಿ ಹಿಡಿದ, ಅಲೆಗಳು ದೋಣಿಯ ಪಕ್ಕಕ್ಕೇ ಬಡಿಯುವ ಹಾಗೆ, ನೆಟ್ಟಗೆ ಹೋಗೋಣ ಅಣ್ಣ ಅಂದರೆ ಅಲ್ಲಿ ಬಲೆ ಹಾಕಿದಾರೆ ಅಂದ, ಮೀನೇ ಇಲ್ಲದ ಕೊಲ್ಲಿಯಲ್ಲಿ ಯಾರು ಬಲೆ ಹಾಕುತ್ತಾರೆ, ಆಗ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ, ಎಡಗಡೆ ಬಗ್ಗಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡುತ್ತಿದ್ದೆ, ಬಲಗಡೆ ಅವನು ಪಂಜರ ಎಳೆಯುತ್ತಿದ್ದ, ನೀರು ಸುರಿಯುವ ಸದ್ದು, ಏನೋ ಮುಳುಗಿದ ಸದ್ದು, ಬಕೆಟ್ಟಿನ ಸದ್ದು, ಆಮೇಲೆ ನನ್ನ ಹಿಂದೆ ಬಂದು ಬೆನ್ನು ಸವರಿದ, ಆಯ್ತು ಆಯ್ತು, ಮುಗೀತು, ಎಲ್ಲಾ ತೆಗೆದಿಟ್ಟೆ. ಎಷ್ಟು ಹಾಯೆನಿಸಿತ್ತು. ಅಮ್ಮ ಹೋದ ಮೇಲೆ ಹಾಗೆ ಬೆನ್ನು ಸವರುವವರು ಯಾರೂ ಇರಲಿಲ್ಲ. ಗೇಟಿನಲ್ಲಿ ವಾಚ್‌ಮನ್, ಮೇಡಂ, ಸ್ವೆಟರಿಗೆ ಹಿಂದುಗಡೆ ಏನೋ ಬಣ್ಣ ಹತ್ತಿದೆ ಅಂದಾಗ ದೋಣಿಯದಿರಬೇಕು ಅಂದೆ, ತೆಗೆದು ನೋಡಲೂ ಇಲ್ಲ, ಕುರ್ಚಿಗೆ ಹಾಕಿ ಬಿಳಿ ಕೋಟು ತೊಟ್ಟೆ. ಅಣ್ಣನ ದೋಣಿಗೆ ನೀಲಿ ಬಣ್ಣ. ಮೂವತ್ತನೆಯ ಚಿಪ್ಪನ್ನು ಕೈಗೆ ತಗೊಂಡೆ, ಇದರ ಚುಕ್ಕೆ ಮಾತ್ರ ಉಳಿದವುಗಳ ಹಾಗಿಲ್ಲ, ದಪ್ಪಗೆ, ಒಂದು ಕಡೆ ಎಳೆದುಹೋಗಿದೆ, ಉಗುರಿನಿಂದ ಒತ್ತಿದರೆ ತಗ್ಗು ಬೀಳುತ್ತದೆ. ಹಸಿ. ಎಣಿಕೆ ತಪ್ಪಿರಬೇಕು, ಅವನಿಗೆ ಲೆಕ್ಕ ಯಾವಾಗಲೂ ಅಷ್ಟಕ್ಕಷ್ಟೆ, ಇಪ್ಪತ್ತೊಂಬತ್ತಕ್ಕೇ ಚುಕ್ಕೆ ಇಟ್ಟು ತಂದಿದ್ದಾನೆ, ಒಂದು ಉಳಿದಿದೆ, ಅದಕ್ಕೆ ಚುಕ್ಕೆ ಇಟ್ಟದ್ದು ಅಲ್ಲೇ ದೋಣಿಯಲ್ಲಿ, ನನ್ನ ಬೆನ್ನ ಹಿಂದೆ, ನಾನು ವಾಂತಿ ಮಾಡುವಾಗ.

ಫೋನು ಮಾಡಿದೆ. ಅಣ್ಣ, ಅತ್ತಿಗೆಯ ಬಾಟಲಿ ಎಲ್ಲಿದೆ. ಆ ಕಡೆ ಎಂಜಿನ್ ಗುಡುಗುಡು ಅಂತಿತ್ತು, ಅದನ್ನು ನಿಲ್ಲಿಸಿದ. ನಿಜ ಹೇಳು, ನಾನಿಟ್ಟವು ಏನಾದವು. ಎಲ್ಲಾ ಸತ್ತಿದ್ವು ಕಣೇ, ಮೊದಲನೇ ತಿಂಗಳೇ, ಮೂವತ್ತಕ್ಕೆ ಮೂವತ್ತೂ ಬಾಯಿಬಿಟ್ಕೊಂಡಿದ್ವು. ಅವನು ಅಳಬೇಡ ಅನ್ನಲಿ ಅಂತ ಕಾಯುತ್ತಿದ್ದೆ, ತಪ್ಪಾಯ್ತು ಅನ್ನಲಿ ಅಂತ ಕಾಯುತ್ತಿದ್ದೆ, ಅಷ್ಟು ಅಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಅವನು ಅಂದ, ಸಹಿ ಹಾಕ್ಬಿಡು ಪುಟ್ಟಿ, ಮೂರು ಸಲ ನೀನೇ ನೋಡಿದೀನಿ ಅಂತ ಬರ್ಕೊಟ್ಟಿದೀಯ, ಮುಳುಗಿದ್ರೆ ನಾನೊಬ್ಬನೇ ಮುಳುಗಲ್ಲ. ಮೆತ್ತಗೆ ಅಂದ, ಮಲ್ಕೋ ಅನ್ನುತ್ತಿದ್ದ ದನಿಯಲ್ಲೇ ಅಂದ. ಅಂದರೆ ಮಲ್ಕೋ ಅಂದದ್ದೆಲ್ಲ ಇದಕ್ಕೇ, ಮೊದಲಿಂದಲೂ ಇದಕ್ಕೇನಾ, ಎಲ್ಲಿಂದ ಶುರು ಮಾಡಿದೆ ಅಣ್ಣ, ನನ್ನ ವಾಂತಿಯನ್ನೂ ಎತ್ತಿಟ್ಟುಕೊಂಡಿದ್ದೆಯಲ್ಲ.

ಮೂರೂ ಮುಕ್ಕಾಲು. ಫಾರಮ್ಮಿನಲ್ಲಿ ಬರೆದೆ, ಗುರುತು ಹಸಿ, ಚಿಪ್ಪು ಬದಲಾಗಿವೆ, ಮೂಲದ ಮೂವತ್ತೂ ಸತ್ತಿವೆ ಎಂದು ದೋಣಿಯವನ ಹೇಳಿಕೆ, ಹಿಂದಿನ ಮೂರು ತಿಂಗಳು ನಾನು ಪಂಜರ ನೋಡಿಲ್ಲ, ಸುಳ್ಳು ಬರೆದಿದ್ದೇನೆ. ಸಹಿ ಹಾಕಿದೆ. ನೌಕರಿ ಹೋಗುತ್ತದೆ, ಹೋಗಲಿ, ಅವನ ದೋಣಿಯೂ ಹೋಗುತ್ತದೆ, ಅತ್ತಿಗೆ ಇನ್ನು ನನ್ನ ಮುಖ ನೋಡುವುದಿಲ್ಲ, ಹೊಸ ಬಾಟಲಿ ಕೊಡುವುದು ಹಾಗೇ ಉಳಿಯಿತು. ಸಾಹೇಬರ ಕೋಣೆಗೆ ಹೋಗಬೇಕು, ಬಿಳಿ ಕೋಟು ತೆಗೆದು ಸ್ವೆಟರಿಗೆ ಕೈ ಹಾಕಿದೆ, ಬೂದು ಸ್ವೆಟರು, ಹಿಂಭಾಗ ತಿರುಗಿಸಿದೆ, ಅಸಿಟೋನ್ ಇದೆ, ಹತ್ತಿ ಇದೆ, ಒರೆಸಿದರೆ ಒಂದು ನಿಮಿಷದಲ್ಲಿ ಹೋಗುತ್ತದೆ, ಕೈ ಏಳುತ್ತಿಲ್ಲ, ಹೆಬ್ಬೆರಳಿನ ಅಗಲ, ಕತ್ತಿನ ಕೆಳಗಿಂದ ನಡುಬೆನ್ನಿನವರೆಗೆ, ಆಯ್ತು ಆಯ್ತು ಅಂತ ಮೂರು ಸಲ ಸವರಿದ್ದ, ಮೂರು ಗೆರೆ, ಮೇಲೆ ದಟ್ಟ, ಕೆಳಗೆ ಬರುತ್ತಾ ತೆಳು, ಕೆಂಪು, ಮೂರು ಗೆರೆ, ಕೆಂಪು —